ಹಳೆಯ ಕಡತ, ಒಂದು ಹೊಲಿಗೆ ಮತ್ತು ಆರು ವಾರಗಳ ಗಳಿಕೆ

ನನ್ನ ಮಗಳು 29ನೆಯ ವಾರದಲ್ಲಿ, 1,180 ಗ್ರಾಂ ತೂಕವಿದ್ದಾಗ ಹುಟ್ಟಿದವಳು. ಅವಳ ತಮ್ಮ ಈಚೆಗೆ, 35 ವಾರ ತುಂಬಿದ ಮೇಲೆ, 2,260 ಗ್ರಾಂ ತೂಗಿ ಹುಟ್ಟಿದ. 37 ವಾರ ತುಂಬುವ ಮೊದಲು ಆಗುವ ಹೆರಿಗೆಯೆಲ್ಲ ವೈದ್ಯರ ಲೆಕ್ಕದಲ್ಲಿ ಅವಧಿಪೂರ್ವ ಹೆರಿಗೆಯೇ ಆದ್ದರಿಂದ ಕಾಗದದ ಮೇಲೆ ಇಬ್ಬರೂ ಒಂದೇ ಪಂಗಡಕ್ಕೆ ಸೇರುತ್ತಾರೆ. ಆದರೆ ಮಗಳು ಸುಮಾರು ಎರಡು ತಿಂಗಳು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದಳು. ಮಗ ಕಾಮಾಲೆಗೆಂದು ಸ್ವಲ್ಪ ಹೊತ್ತು ನೀಲಿ ದೀಪದಡಿ ಮಲಗಿದ್ದು ಬಿಟ್ಟರೆ ನನ್ನ ಮಗ್ಗುಲಲ್ಲೇ ಇದ್ದು ನನ್ನೊಡನೆಯೇ ಮನೆಗೆ ಬಂದ. ಈ ಆರು ವಾರಗಳನ್ನು ಗಳಿಸಲು ಬೆಂಗಳೂರಿನಲ್ಲಿ ನಾವು ಎಲ್ಲೆಲ್ಲಿ ಕಾಯಬೇಕಾಯಿತು, ಯಾವ ಕಾಗದಕ್ಕೆ ಅಲೆಯಬೇಕಾಯಿತು, ಎಷ್ಟು ಖರ್ಚಾಯಿತು ಎಂಬುದನ್ನು, ಮೊದಲ ಮಗು ದಿನ ತುಂಬುವ ಮೊದಲೇ ಹುಟ್ಟಿ ಈಗ ಎರಡನೆಯದಕ್ಕೆ ಹೆದರುತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ, ಆದ್ದರಿಂದ ಇಲ್ಲಿರುವ ಔಷಧಗಳನ್ನು ನೋಡಿ ಯಾರೂ ತಾವಾಗಿಯೇ ಏನನ್ನೂ ಶುರು ಮಾಡಬಾರದು.

ಎರಡನೆಯ ಬಸಿರು ಖಚಿತವಾದ ವಾರವೇ ರಾಜಾಜಿನಗರದ ನಮ್ಮ ಮನೆಗೆ ಹತ್ತಿರದಲ್ಲಿರುವ ಪ್ರಸೂತಿ ತಜ್ಞೆಯನ್ನು ಕಂಡೆವು. ಅವರು ಕೇಳಿದ ಮೊದಲ ಪ್ರಶ್ನೆ, "ಮೊದಲ ಹೆರಿಗೆ ತಾನಾಗಿಯೇ ನೋವು ಬಂದು ಆಯಿತೋ, ಇಲ್ಲವೇ ಬಿ.ಪಿ. ಏರಿತೆಂದೋ ಮಗು ಬೆಳೆಯುತ್ತಿಲ್ಲವೆಂದೋ ಡಾಕ್ಟರೇ ಮಾಡಿಸಿದ್ದೋ?" ಎಂಬುದಾಗಿತ್ತು. ತಾನಾಗಿಯೇ ನೋವು ಬಂದದ್ದು ಎಂದೆ. ಅವರು ಡಿಸ್ಚಾರ್ಜ್ ಸಮರಿಯನ್ನು ಕೈಗೆತ್ತಿಕೊಂಡು ನೋಡಿದರೆ ಅದರಲ್ಲಿದ್ದದ್ದು ಒಂದೇ ಸಾಲು: ಅವಧಿಪೂರ್ವ ಸಹಜ ಹೆರಿಗೆ, ತಾಯಿಯ ಸ್ಥಿತಿ ತೃಪ್ತಿಕರ. ನೋವು ಮೊದಲು ಬಂತೋ ನೀರು ಮೊದಲು ಹೋಯಿತೋ, ಆಸ್ಪತ್ರೆಗೆ ಬಂದಾಗ ಗರ್ಭಕಂಠ, ಅಂದರೆ ಗರ್ಭಕೋಶದ ಬಾಯಿ, ಎಷ್ಟು ತೆರೆದಿತ್ತು, ಸೋಂಕಿನ ಲಕ್ಷಣವಿತ್ತೋ ಇಲ್ಲವೋ, ರಕ್ತಸ್ರಾವವಿತ್ತೋ ಎಂಬ ಯಾವ ವಿವರವೂ ಅಲ್ಲಿರಲಿಲ್ಲ. "ಚಿಕಿತ್ಸೆ ನಿರ್ಧಾರವಾಗುವುದೇ ಆ ವಿವರಗಳಿಂದ, ಆಸ್ಪತ್ರೆಯಲ್ಲಿದ್ದಷ್ಟು ದಿನ ಬರೆದಿಟ್ಟ ನಿಮ್ಮ ಪೂರ್ತಿ ಕೇಸ್ ಶೀಟ್ ತನ್ನಿ," ಎಂದರು.

ಕಾರಣವನ್ನೂ ಬಿಡಿಸಿ ಹೇಳಿದರು. ಅವಧಿಪೂರ್ವ ಹೆರಿಗೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ನೋವು ತಾನಾಗಿ ಶುರುವಾಗಿಯೋ ನೀರಿನ ಚೀಲ ತಾನಾಗಿ ಒಡೆದೋ ಆಗುವಂಥವು. ಉಳಿದವು ತಾಯಿಯ ಅಥವಾ ಮಗುವಿನ ಜೀವ ಉಳಿಸಲು ವೈದ್ಯರೇ ಬೇಗ ಮಾಡಿಸುವಂಥವು. ಎರಡನೆಯ ಬಗೆಯಲ್ಲಿ ರಕ್ತದೊತ್ತಡ, ಮಾಸಿನ ತೊಂದರೆಗಳ ಕಡೆ ಗಮನ ಹೋಗುತ್ತದೆ. ಮೊದಲನೆಯ ಬಗೆಯಲ್ಲಿ ಮಾತ್ರ ಗರ್ಭಕಂಠದ ಉದ್ದವನ್ನು ಅಳೆಯುತ್ತ ಹೋಗುವುದು, ಬಸಿರು ನಿಲ್ಲಲು ನೆರವಾಗುವ ಪ್ರೊಜೆಸ್ಟರಾನ್ ಹಾರ್ಮೋನು ಕೊಡುವುದು, ಗರ್ಭಕಂಠ ತೆರೆಯದಂತೆ ಹೊಲಿಗೆ ಹಾಕುವುದು ಇವಕ್ಕೆಲ್ಲ ಅರ್ಥವಿರುತ್ತದೆ. ಒಮ್ಮೆ ತಾನಾಗಿ ಬೇಗ ಹೆರಿಗೆಯಾದವರಿಗೆ ಮತ್ತೆ ಹಾಗಾಗುವ ಸಂಭವ ಉಳಿದವರಿಗಿಂತ ಹೆಚ್ಚು, ಮೊದಲನೆಯದು ಎಷ್ಟು ಬೇಗ ಆಗಿತ್ತೋ ಅಷ್ಟು ಹೆಚ್ಚು.

ಕೇಸ್ ಶೀಟ್ ಪಡೆಯುವುದು ಇಡೀ ಪ್ರಯಾಣದಲ್ಲಿ ನನಗೆ ಅತ್ಯಂತ ತಾಳ್ಮೆ ಕೆಡಿಸಿದ ಭಾಗ. ಮಗಳು ಹುಟ್ಟಿದ್ದು ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ. ಅಲ್ಲಿ ಶಿಶುಗಳ ನಿಗಾ ಘಟಕವಿಲ್ಲದ್ದರಿಂದ ಹುಟ್ಟಿದ ಗಂಟೆಯೊಳಗೆ ಅವಳನ್ನು ಆಂಬುಲೆನ್ಸಿನಲ್ಲಿ ಬೇರೊಂದು ಆಸ್ಪತ್ರೆಗೆ ಸಾಗಿಸಿದ್ದರು. ಹಾಗಾಗಿ ದಾಖಲೆಗಳೂ ಎರಡು ಕಡೆ ಹಂಚಿಹೋಗಿದ್ದವು. ಮಗುವಿನ ಆಸ್ಪತ್ರೆಯ ದಾಖಲೆ ವಿಭಾಗ, ಅಂದರೆ ಎಲ್ಲರೂ ಎಂಆರ್‌ಡಿ ಎಂದು ಕರೆಯುವ ಕೊಠಡಿ, ಅರ್ಜಿ, ಗುರುತಿನ ಚೀಟಿಯ ಪ್ರತಿ ಮತ್ತು ಜೆರಾಕ್ಸ್ ಶುಲ್ಕ ಪಡೆದು ಎರಡೇ ದಿನಗಳಲ್ಲಿ ಎಲ್ಲವನ್ನೂ ಕೊಟ್ಟಿತು. ನರ್ಸಿಂಗ್ ಹೋಮಿನಲ್ಲಿ ಮಾತ್ರ, ಮೂರು ವರ್ಷ ದಾಟಿದ ಕಡತಗಳು ಊರಾಚೆಯ ಗೋದಾಮಿನಲ್ಲಿವೆ, ಹುಡುಕಿಸಬೇಕು, ಮುಂದಿನ ವಾರ ಬನ್ನಿ ಎಂಬ ಉತ್ತರ ಮತ್ತೆ ಮತ್ತೆ ಬಂತು. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ನಮಗೆ ಮೂರು ವರ್ಷ ಆಗಲೇ ಮುಗಿದಿದ್ದರಿಂದ ಹಕ್ಕಿನ ಮಾತಾಡಿ ಫಲವಿರಲಿಲ್ಲ. ನನ್ನ ಗಂಡ ಲಿಖಿತ ಅರ್ಜಿಯೊಂದಕ್ಕೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು, ಪ್ರತಿ ವಾರ ಹೋಗಿ ಕುಳಿತು, ಕೊನೆಗೆ ಕಡತ ತರಿಸಿದರು. ಹೆರಿಗೆ ಎಲ್ಲಿ ಆದರೂ, ಆದ ವರ್ಷದಲ್ಲೇ ತಾಯಿಯ ಪೂರ್ತಿ ಕೇಸ್ ಶೀಟಿನ ಪ್ರತಿಯನ್ನು ಕೇಳಿ ಪಡೆದಿಡಿ. ಮಗುವಿನ ಕಾಗದಗಳನ್ನು ಎಲ್ಲರೂ ಜೋಪಾನ ಮಾಡುತ್ತಾರೆ, ತಾಯಿಯದನ್ನು ಯಾರೂ ಕೇಳುವುದಿಲ್ಲ.

ಕಡತದಲ್ಲಿ ಹೀಗಿತ್ತು: ನಾನು ದಾಖಲಾದಾಗ ಗರ್ಭಕಂಠ ಆಗಲೇ 4 ಸೆಂಟಿಮೀಟರ್ ತೆರೆದಿತ್ತು, ನೀರಿನ ಚೀಲ ಒಡೆದಿರಲಿಲ್ಲ, ಬಿ.ಪಿ. ಸರಿಯಾಗಿತ್ತು, ಜ್ವರವಿರಲಿಲ್ಲ. ಮಗುವಿನ ಶ್ವಾಸಕೋಶಕ್ಕೆಂದು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಒಂದು ಸಲ ಮಾತ್ರ ಕೊಡಲು ಸಾಧ್ಯವಾಗಿತ್ತು. ಹೊಟ್ಟೆ ಬಿಗಿಯುವುದು ಹೆಚ್ಚೇನೂ ಗೊತ್ತಾಗದೆಯೇ ಗರ್ಭಕಂಠ ಇಷ್ಟು ತೆರೆದಿತ್ತೆಂಬ ಸಾಲಿನ ಕೆಳಗೆ ನಮ್ಮ ವೈದ್ಯೆ ಪೆನ್ಸಿಲಿನಿಂದ ಗೆರೆ ಎಳೆದರು. ಮುಂದಿನ ನಾಲ್ಕೈದು ತಿಂಗಳು ನಾವು ನಡೆದದ್ದು ಆ ಗೆರೆಯ ಜಾಡಿನಲ್ಲಿ.

ಈ ಎಚ್ಚರ ಏಕೆ ಬೇಕಿತ್ತು ಎಂಬುದಕ್ಕೆ ಮಗಳ ವಿಷಯವನ್ನು ಹೇಳಬೇಕು. ಐದು ವರ್ಷದೊಳಗಿನ ಮಕ್ಕಳ ಸಾವಿಗೆ ಜಗತ್ತಿನಲ್ಲಿ ಮೊದಲ ಕಾರಣ ಅವಧಿಪೂರ್ವ ಜನನದ ತೊಡಕುಗಳು. 2020ರಲ್ಲಿ ಸುಮಾರು 1.34 ಕೋಟಿ ಮಕ್ಕಳು ಹೀಗೆ ಹುಟ್ಟಿದರು, ಅವರಲ್ಲಿ 30 ಲಕ್ಷದಷ್ಟು ಮಂದಿ ನಮ್ಮ ದೇಶದವರು. ನಮ್ಮವಳು ಉಳಿದಳು, ಆದರೆ ಉಳಿಯುವುದರೊಂದಿಗೆ ಲೆಕ್ಕ ಮುಗಿಯಲಿಲ್ಲ. ಅವಳ ಶ್ವಾಸಕೋಶಕ್ಕೆ, ಅದು ಕುಸಿಯದಂತೆ ತಡೆಯುವ ಸರ್ಫ್ಯಾಕ್ಟೆಂಟ್ ಔಷಧ ಹಾಕಿದರು, ಒತ್ತಡದಿಂದ ಗಾಳಿ ಊದಿ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರದಲ್ಲಿಟ್ಟರು. ನಾಲ್ಕನೆಯ ವಾರದಲ್ಲಿ ಕಣ್ಣಿನ ರೆಟಿನಾ ಪರೀಕ್ಷೆಯಾಗಿ, ರಕ್ತನಾಳಗಳು ಪೂರ್ತಿ ಬೆಳೆಯದ ಆರ್‌ಒಪಿ ತೊಂದರೆ ಕಾಣಿಸಿತು. ಅದು ಲೇಸರ್ ಬೇಡದೆ ತಾನೇ ಇಳಿಯಿತಾದರೂ ಈಗ ಅವಳಿಗೆ ಕನ್ನಡಕವಿದೆ. ಕಾಲಿನ ಸ್ನಾಯುಗಳು ಬಿಗಿಯಾಗಿದ್ದು ಎರಡು ವರ್ಷದ ಹೊತ್ತಿಗೆ ನಡೆದಳು, ಅದೂ ಫಿಸಿಯೋಥೆರಪಿಯ ಬಲದಿಂದ. ಮಾತು, ಗ್ರಹಿಕೆ ಚೆನ್ನಾಗಿವೆ. ಇಂಥ ಮಕ್ಕಳ ಬೆಳವಣಿಗೆಯನ್ನು ಎರಡು ವರ್ಷದವರೆಗೆ ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಿದ್ದ ದಿನದಿಂದ ಎಣಿಸುತ್ತಾರೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ನೆರೆಮನೆಯ ಮಗುವಿನೊಡನೆ ಹೋಲಿಸಿಕೊಂಡು ಕಳೆದ ರಾತ್ರಿಗಳು ಕಡಿಮೆಯಾಗುತ್ತಿದ್ದವು. ಲಸಿಕೆ ಮಾತ್ರ ಹುಟ್ಟಿದ ದಿನದ ಲೆಕ್ಕದಲ್ಲೇ ಹಾಕಿಸಬೇಕು.

34 ವಾರಕ್ಕಿಂತ ಮುಂಚೆ ಹುಟ್ಟಿದ ಅಥವಾ 2,000 ಗ್ರಾಮಿಗಿಂತ ಕಡಿಮೆ ತೂಗುವ ಪ್ರತಿ ಮಗುವಿಗೂ ಹುಟ್ಟಿದ 30 ದಿನಗಳೊಳಗೆ ರೆಟಿನಾ ಪರೀಕ್ಷೆ ಆಗಲೇಬೇಕು. ತೀರಾ ಚಿಕ್ಕ ಮಕ್ಕಳಿಗೆ ಇನ್ನೂ ಬೇಗ, ಎರಡು ಮೂರು ವಾರಕ್ಕೇ. ಜಿಲ್ಲೆಗಳಲ್ಲಿರುವವರು ಹೆದರಬೇಕಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೇ ಹೋಗಿ ಕಣ್ಣಿನ ಚಿತ್ರ ತೆಗೆಯುತ್ತಾರೆ. ನಿಮ್ಮ ಘಟಕದಲ್ಲಿ ಆ ವ್ಯವಸ್ಥೆ ಇದೆಯೇ ಎಂದು ಕೇಳಿ. ಇಲ್ಲವಾದರೆ ದಿನಾಂಕವನ್ನು ನೀವೇ ನೆನಪಿಡಿ, ಏಕೆಂದರೆ ಆ ತಿಂಗಳು ಜಾರಿದರೆ ದೃಷ್ಟಿ ಉಳಿಸುವ ಅವಕಾಶವೂ ಜಾರಬಹುದು.

ಎರಡನೆಯ ಬಸಿರಿಗೆ ಮರಳುತ್ತೇನೆ. ಮೊದಲ ಮೂರು ತಿಂಗಳಲ್ಲಿ ಆದದ್ದು ಎರಡೇ ಮುಖ್ಯ ಕೆಲಸ. ಒಂದು, ಬೇಗನೆ ಸ್ಕ್ಯಾನ್ ಮಾಡಿಸಿ ವಾರಗಳ ಲೆಕ್ಕವನ್ನು ಖಚಿತ ಮಾಡಿಕೊಂಡದ್ದು. ಮುಂದೆ ಪ್ರತಿ ತೀರ್ಮಾನವೂ ವಾರದ ಮೇಲೆ ನಿಲ್ಲುವುದರಿಂದ ಇಲ್ಲಿ ಹತ್ತು ದಿನದ ತಪ್ಪಾದರೂ ಕಷ್ಟ. ಇನ್ನೊಂದು, ಮೂತ್ರದ ಕಲ್ಚರ್. ಉರಿ, ನೋವು ಯಾವುದೂ ಇಲ್ಲದೆಯೂ ಮೂತ್ರದಲ್ಲಿ ಸೋಂಕಿರಬಹುದು, ಅದಕ್ಕೆ ಚಿಕಿತ್ಸೆಯಾಗಬೇಕು. ಇದರ ಜೊತೆಗೆ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಾಯಿ ಕಾರ್ಡ್ ಮಾಡಿಸಿಕೊಂಡೆ. ಖಾಸಗಿ ಆಸ್ಪತ್ರೆಗೆ ಹೋಗುವವರು ಇದನ್ನು ಅಸಡ್ಡೆ ಮಾಡುತ್ತಾರೆ, ಆದರೆ ಮಧ್ಯರಾತ್ರಿ ಸರ್ಕಾರಿ ಆಸ್ಪತ್ರೆಗೆ ಓಡಬೇಕಾದ ದಿನ ಬಂದರೆ ಅಲ್ಲಿ ಮೊದಲು ಕೇಳುವುದು ಅದನ್ನೇ.

16ನೆಯ ವಾರದಿಂದ ಗರ್ಭಕಂಠದ ಉದ್ದ ಅಳೆಯುವ ಸ್ಕ್ಯಾನ್ ಎರಡು ವಾರಕ್ಕೊಮ್ಮೆ ಶುರುವಾಯಿತು. ಇದನ್ನು ಯೋನಿಯ ಮೂಲಕವೇ ಮಾಡಬೇಕು, ಅದೂ ಮೂತ್ರಕೋಶ ಖಾಲಿಯಿರುವಾಗ. ಹೊಟ್ಟೆಯ ಮೇಲಿಂದ, ಮೂತ್ರ ಕಟ್ಟಿಸಿ ಮಾಡುವ ಸ್ಕ್ಯಾನಿನಲ್ಲಿ ಗರ್ಭಕಂಠ ಇರುವುದಕ್ಕಿಂತ ಉದ್ದವಾಗಿ ಕಾಣಬಹುದು. "ಒಳಗಿಂದ ಮಾಡಿದರೆ ಮಗುವಿಗೆ ತೊಂದರೆಯಲ್ಲವೇನಮ್ಮಾ?" ಎಂದು ಅತ್ತೆ ಗಾಬರಿಯಾದರು, ವೈದ್ಯೆ ಅವರನ್ನೂ ಒಳಗೆ ಕೂರಿಸಿಕೊಂಡು, ಉಪಕರಣ ಗರ್ಭಕಂಠದೊಳಕ್ಕೆ ಹೋಗುವುದೇ ಇಲ್ಲ ಎಂದು ಪರದೆಯ ಮೇಲೆ ತೋರಿಸಿದ ಮೇಲೆ ಸಮಾಧಾನವಾಯಿತು. ಪ್ರತಿ ಸಲವೂ ಗುರುತಿನ ಚೀಟಿ ಬೇಕು, ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯ ನಮೂನೆ ಎಫ್‌ಗೆ ಸಹಿ ಹಾಕಬೇಕು. ಸಮಯ ಕೊಟ್ಟಿದ್ದರೂ ಕಾಯುವುದು ತಪ್ಪುತ್ತಿರಲಿಲ್ಲ. ಒಂದು ಸ್ಕ್ಯಾನಿಗೆ ಸುಮಾರು 1,500 ರೂಪಾಯಿ ತೆತ್ತೆವು.

ಅದೇ ವಾರ ಪ್ರೊಜೆಸ್ಟರಾನ್ ಕೂಡ ಆರಂಭವಾಯಿತು: 200 ಮಿಲಿಗ್ರಾಂ ಗುಳಿಗೆ, ರಾತ್ರಿ ಮಲಗುವ ಮುಂಚೆ, ಯೋನಿಯೊಳಗೆ ಇಡುವುದು. ತಿಂಗಳಿಗೆ ಸಾವಿರದ ಮೇಲೆ ಖರ್ಚು, ಬಿಳಿ ಸ್ರಾವದ ಕಿರಿಕಿರಿ, ಅದನ್ನು ಬಿಟ್ಟರೆ ನನಗೆ ಬೇರೆ ತೊಂದರೆಯಾಗಲಿಲ್ಲ. ನನ್ನ ಚಿಕ್ಕಮ್ಮನ ಮಗಳಿಗೆ ಕೆಲವು ವರ್ಷಗಳ ಹಿಂದೆ ಇದೇ ಬಗೆಯ ಔಷಧದ ಇಂಜೆಕ್ಷನ್ ವಾರಕ್ಕೊಂದರಂತೆ ಕೊಟ್ಟಿದ್ದರು, ನನಗೇಕಿಲ್ಲ ಎಂದು ಕೇಳಿದೆ. ಆ ಇಂಜೆಕ್ಷನ್ನಿನ ಪ್ರಯೋಜನ ಮುಂದಿನ ದೊಡ್ಡ ಪ್ರಯೋಗದಲ್ಲಿ ಸಾಬೀತಾಗದೆ, 2023ರ ಏಪ್ರಿಲಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕಿದ್ದ ಅನುಮೋದನೆಯನ್ನು ಹಿಂತೆಗೆದುಕೊಂಡಿತೆಂದು ವೈದ್ಯೆ ತಿಳಿಸಿದರು. ಆಸ್ಪಿರಿನ್ ಬಗ್ಗೆಯೂ ಕೇಳಿದ್ದೆ. ನಮ್ಮ ಬೆಳಗಾವಿಯೂ ಒಂದು ಕೇಂದ್ರವಾಗಿದ್ದ, ಆರು ದೇಶಗಳ ಸುಮಾರು 12,000 ಚೊಚ್ಚಲ ಬಸುರಿಯರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೊಂದು ಸಣ್ಣ ಪ್ರಮಾಣದ ಆಸ್ಪಿರಿನ್ ಅವಧಿಪೂರ್ವ ಹೆರಿಗೆಗಳನ್ನು ಶೇ. 11ರಷ್ಟು ಇಳಿಸಿತ್ತು. ಆ ಫಲಿತಾಂಶ ಮೊದಲ ಬಸಿರಿನವರದ್ದು, ನಿಮ್ಮ ತೊಂದರೆ ಇರುವುದು ಗರ್ಭಕಂಠದಲ್ಲಿ ಎಂದು ಹೇಳಿ ಅವರು ಅದನ್ನು ಬರೆಯಲಿಲ್ಲ. ಕೇಳಿದ ಪ್ರಶ್ನೆಗೆ ಹೀಗೆ ಕಾರಣಸಹಿತ ಇಲ್ಲವೆನ್ನುವ ವೈದ್ಯರು ಸಿಕ್ಕರೆ ಬಿಡಬೇಡಿ.

16ನೆಯ ವಾರದಲ್ಲಿ ಉದ್ದ 36 ಮಿಲಿಮೀಟರ್ ಇತ್ತು, 18ರಲ್ಲಿ 31. ಅನಾಮಲಿ ಸ್ಕ್ಯಾನಿಗೆಂದು 20ನೆಯ ವಾರದಲ್ಲಿ ಹೋದಾಗ ಮಗುವಿನ ಎಲ್ಲ ಅಂಗಗಳೂ ಸರಿಯಾಗಿವೆ ಎಂದು ಹೇಳಿದ ವೈದ್ಯರು, ಗರ್ಭಕಂಠಕ್ಕೆ ಬಂದಾಗ ಮಾತು ನಿಲ್ಲಿಸಿ ಮೂರು ಸಲ ಅಳೆದರು. 22 ಮಿಲಿಮೀಟರ್; ಒಳಬಾಯಿ ಆಲಿಕೆಯಂತೆ ಅಗಲವಾಗಿದೆ ಎಂದರು. 24 ವಾರಕ್ಕೆ ಮೊದಲು 25 ಮಿಲಿಮೀಟರಿಗಿಂತ ಕಡಿಮೆಯಾದರೆ ಅಪಾಯದ ಗೆರೆ ದಾಟಿದಂತೆ ಎಂಬುದು ನನಗೆ ಆ ಹೊತ್ತಿಗೆ ಬಾಯಿಪಾಠವಾಗಿತ್ತು. ನನಗೆ ನೋವಿರಲಿಲ್ಲ, ಸ್ರಾವವಿರಲಿಲ್ಲ, ಹೊಟ್ಟೆ ಬಿಗಿದಿರಲಿಲ್ಲ. ಅಳೆಯದೆ ಇದ್ದಿದ್ದರೆ ಖುಷಿಯಿಂದ ಸೀಮಂತದ ಸೀರೆ ಆರಿಸುತ್ತಿದ್ದೆ ಎಂಬ ಯೋಚನೆ ಬಂದು ಅಲ್ಲೇ ಕೈಕಾಲು ತಣ್ಣಗಾಯಿತು.

ಹೊಲಿಗೆಯ ತೀರ್ಮಾನ ಅಂದೇ ಸಂಜೆ ಆಯಿತು. ಗರ್ಭಕಂಠದ ಸುತ್ತ ಗಟ್ಟಿ ದಾರ ಹಾಯಿಸಿ ಬಿಗಿದು ಕಟ್ಟುವ ಈ ಶಸ್ತ್ರಕ್ರಿಯೆಯ ಒಂದು ಪ್ರಸಿದ್ಧ ವಿಧಾನವನ್ನು 1955ರಲ್ಲಿ ಪ್ರಕಟಿಸಿದವರು ಗೋವಾದ ಶಿರೋಡದಲ್ಲಿ ಹುಟ್ಟಿ ಮುಂಬಯಿಯಲ್ಲಿ ಕೆಲಸ ಮಾಡಿದ ಡಾ. ವಿಠ್ಠಲ ನಾಗೇಶ ಶಿರೋಡ್ಕರ್. ನನಗೆ ಹಾಕಿದ್ದು ಅದಕ್ಕಿಂತ ಸರಳವಾದ ಮೆಕ್‌ಡೊನಾಲ್ಡ್ ವಿಧಾನದ ಹೊಲಿಗೆ. ಮುಂಚೆ ರಕ್ತಪರೀಕ್ಷೆ, ಮೂತ್ರಪರೀಕ್ಷೆ, ಯೋನಿಯ ಸ್ವ್ಯಾಬ್ ಆಗಬೇಕು, ಏಕೆಂದರೆ ಸೋಂಕಿದ್ದರೆ ಹೊಲಿಗೆ ಹಾಕುವಂತಿಲ್ಲ. ಬೆನ್ನಿಗೆ ಅರಿವಳಿಕೆ ಕೊಟ್ಟರು, ಅರ್ಧ ಗಂಟೆಯೊಳಗೆ ಮುಗಿಯಿತು. ಹಾಕುವಾಗಲೇ ನೀರಿನ ಚೀಲ ಒಡೆಯುವ ಸಾಧ್ಯತೆ ಸ್ವಲ್ಪವಾದರೂ ಇದೆ ಎಂಬ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ನನ್ನ ಗಂಡನ ಕೈ ನಡುಗಿತು. ಒಂದು ರಾತ್ರಿ ಇರಿಸಿಕೊಂಡು ಮರುದಿನ ಸ್ಕ್ಯಾನ್ ಮಾಡಿ ಮನೆಗೆ ಕಳುಹಿಸಿದರು. ಅವಳಿ ಮಕ್ಕಳಿದ್ದರೆ, ಉದ್ದ ಕಡಿಮೆಯಾಯಿತೆಂಬ ಒಂದೇ ಕಾರಣಕ್ಕೆ ಹೊಲಿಗೆ ಹಾಕುವುದು ಪ್ರಯೋಜನವೆಂದು ತೋರಿಬಂದಿಲ್ಲ. ಪಕ್ಕದ ಹಾಸಿಗೆಯ ಅವಳಿ ಬಸುರಿಗೆ ಏಕೆ ಹಾಕಲಿಲ್ಲ ಎಂದು ನಾನೂ ಅಂದುಕೊಂಡಿದ್ದೆ, ಉತ್ತರ ಅದು.

ಬಿಲ್ಲು ಸುಮಾರು 55,000 ಆಯಿತು. ಅಡ್ಡಿ ಬಂದದ್ದು ವಿಮೆಯಲ್ಲಿ. ಇದು ಶಸ್ತ್ರಚಿಕಿತ್ಸೆಯೋ ಹೆರಿಗೆ ವೆಚ್ಚವೋ ಎಂಬ ಪ್ರಶ್ನೆ ಎದ್ದು, ಆಸ್ಪತ್ರೆಯ ವಿಮಾ ಕೌಂಟರಿನಿಂದ ಹೊರಡಲು ರಾತ್ರಿಯಾಯಿತು. ಕೊನೆಗೆ ಅವರು ಅದನ್ನು ಹೆರಿಗೆಯ ಮಿತಿಯೊಳಗೇ ಸೇರಿಸಿದರು. ನನ್ನ ಕಂಪನಿಯ ಪಾಲಿಸಿಯಲ್ಲಿ ಆ ಮಿತಿ 75,000 ಆಗಿದ್ದರಿಂದ ನಿಜವಾದ ಹೆರಿಗೆಗೆ ಉಳಿದದ್ದು ಚಿಲ್ಲರೆ. 16ನೆಯ ವಾರದೊಳಗೇ ಮೂರು ವಿಷಯಗಳನ್ನು ಇಮೇಲ್ ಮೂಲಕ ಕೇಳಿ ಉತ್ತರ ಪಡೆದಿಟ್ಟುಕೊಳ್ಳಿ: ಹೊಲಿಗೆ ಯಾವ ಲೆಕ್ಕಕ್ಕೆ ಸೇರುತ್ತದೆ, ಮಗುವಿನ ನಿಗಾ ಘಟಕದ ಖರ್ಚು ಹೆರಿಗೆಯ ಮಿತಿಯೊಳಗೋ ಹೊರಗೋ, ಹುಟ್ಟಿದ ಎಷ್ಟು ದಿನದೊಳಗೆ ಮಗುವಿನ ಹೆಸರು ಸೇರಿಸಬೇಕು. ಮಗಳ ಸಲ ದಿನಕ್ಕೆ ಹದಿನೈದು ಸಾವಿರದಷ್ಟು ಬೀಳುತ್ತಿದ್ದಾಗ ಎರಡನೆಯ ಪ್ರಶ್ನೆಯ ಬೆಲೆ ಗೊತ್ತಾಗಿತ್ತು. ಹಣದ ಅನುಕೂಲವಿಲ್ಲದವರು ಸರ್ಕಾರಿ ಆಸ್ಪತ್ರೆಯ ಬಗ್ಗೆ ಹಿಂಜರಿಯಬಾರದು. ಜನನಿ ಶಿಶು ಸುರಕ್ಷಾ ಯೋಜನೆಯಡಿ ಅಲ್ಲಿ ತಾಯಿಗೂ ಕಾಯಿಲೆಬಿದ್ದ ಶಿಶುವಿಗೂ ಚಿಕಿತ್ಸೆ ಉಚಿತ; ಬೆಂಗಳೂರಿನ ಸರ್ಕಾರಿ ವಾಣಿ ವಿಲಾಸ ಆಸ್ಪತ್ರೆಯಲ್ಲಿ ಶಿಶುಗಳ ವಿಶೇಷ ಘಟಕವೂ ಎದೆಹಾಲಿನ ಬ್ಯಾಂಕೂ ಇವೆ.

ಹೊಲಿಗೆಯ ನಂತರದ ದೊಡ್ಡ ಜಗಳ ಹಾಸಿಗೆಯದು. ಅತ್ತೆ ಮಂಚದ ಕಾಲಿನ ಕಡೆಗೆ ಇಟ್ಟಿಗೆ ಇಡಿಸಿದ್ದರು, ಅಮ್ಮ ತವರಿಗೆ ಕರೆದೊಯ್ದು ಮೂರು ತಿಂಗಳು ಏಳದಂತೆ ಮಲಗಿಸುವ ಸಿದ್ಧತೆಯಲ್ಲಿದ್ದರು. ಸಂಪೂರ್ಣ ವಿಶ್ರಾಂತಿಯಿಂದ ಅವಧಿಪೂರ್ವ ಹೆರಿಗೆ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ, ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯವಿದೆ, ಸ್ನಾಯು ಕರಗುತ್ತದೆ ಎಂದು ವೈದ್ಯೆ ಖಂಡಿತವಾಗಿ ಹೇಳಿದರು. ಭಾರ ಎತ್ತುವುದು ಬೇಡ, ಸಂಗ ಬೇಡ, ಉಳಿದಂತೆ ಮನೆಯೊಳಗೆ ಓಡಾಡಿಕೊಂಡಿರಿ ಎಂಬುದು ಅವರ ಸೂಚನೆ. ಹೊರವರ್ತುಲ ರಸ್ತೆಯ ಕಚೇರಿಗೆ ಹೋಗುವುದನ್ನು ನಿಲ್ಲಿಸಿ ಮನೆಯಿಂದಲೇ ಕೆಲಸ ಮಾಡಿದೆ. ಅದು ನನ್ನ ನೆಮ್ಮದಿಗೆ ಮಾಡಿಕೊಂಡದ್ದೇ ಹೊರತು ರಸ್ತೆಯ ಗುಂಡಿಗೆ ಗರ್ಭಕಂಠ ತೆರೆಯುತ್ತದೆಂದಲ್ಲ. ಹಿರಿಯರ ಇನ್ನೊಂದು ನಂಬಿಕೆ, ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬುದು. ಇದು ಪೂರ್ತಿ ತಿರುಗುಮುರುಗು. ಹೊಟ್ಟೆಯಲ್ಲಿ ಕಳೆದ ಪ್ರತಿ ವಾರವೂ ಶ್ವಾಸಕೋಶಕ್ಕೆ, ಮಿದುಳಿಗೆ, ಕರುಳಿಗೆ ಸೇರಿದ ಲಾಭ. ಎಂಟು ತುಂಬುವ ಮೊದಲೇ ಹೆರಿಗೆಯಾಗಿಬಿಡಲಿ ಎಂದು ಹರಸಿದ ಸಂಬಂಧಿಯೊಬ್ಬರಿಗೆ ನನ್ನ ಗಂಡ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ಸೀಮಂತವನ್ನು ಮನೆಯೊಳಗೇ ಚಿಕ್ಕದಾಗಿ ಮುಗಿಸಿದೆವು. 29ನೆಯ ವಾರ ಬಂದು ಹೋಯಿತು. ಆ ವಾರ ನಾನು ಯಾರ ಜೊತೆಯೂ ಹೆಚ್ಚು ಮಾತಾಡಲಿಲ್ಲ.

31ನೆಯ ವಾರದ ಒಂದು ಸಂಜೆ ಹೊಟ್ಟೆ ಹತ್ತು ನಿಮಿಷಕ್ಕೊಮ್ಮೆ ಕಲ್ಲಾಗತೊಡಗಿತು. ಈ ಸಲ ನಾವು ಆರಿಸಿಕೊಂಡದ್ದು ತೀರಾ ಚಿಕ್ಕ ಮಕ್ಕಳನ್ನೂ ನೋಡಿಕೊಳ್ಳಬಲ್ಲ ನಿಗಾ ಘಟಕವಿರುವ ಆಸ್ಪತ್ರೆಯನ್ನು, ಏಕೆಂದರೆ ಹುಟ್ಟಿದ ಮಗುವನ್ನು ಆಂಬುಲೆನ್ಸಿನಲ್ಲಿ ಸಾಗಿಸುವುದಕ್ಕಿಂತ ತಾಯಿಯೇ ಮೊದಲು ಅಲ್ಲಿಗೆ ಸೇರುವುದು ಎಷ್ಟೋ ಮೇಲು. ದಾಖಲಾದ ಕೂಡಲೇ ಹೊಟ್ಟೆಯ ಬಿಗಿತ ತಗ್ಗಿಸಲು ನಿಫೆಡಿಪಿನ್ ಮಾತ್ರೆ ಕೊಟ್ಟರು. ಈ ಮಾತ್ರೆ ಹೆರಿಗೆಯನ್ನು ವಾರಗಟ್ಟಲೆ ಮುಂದೂಡುವುದಿಲ್ಲ. ಸ್ಟೀರಾಯ್ಡ್ ಕೆಲಸ ಮಾಡಲು ಬೇಕಾದ 48 ಗಂಟೆಗಳನ್ನು ದೊರಕಿಸಿಕೊಡುವುದೇ ಅದರ ಉದ್ದೇಶ. ಡೆಕ್ಸಾಮೆಥಾಸೋನ್ 6 ಮಿಲಿಗ್ರಾಮಿನಂತೆ 12 ಗಂಟೆಗೊಮ್ಮೆ ನಾಲ್ಕು ಸಲ ಚುಚ್ಚಿದರು. ಹೆರಿಗೆಗೆ ಮುಂಚೆ ತಾಯಿಗೆ ಸ್ಟೀರಾಯ್ಡ್ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಪಕ್ವವಾಗುತ್ತದೆ ಎಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ತೋರಿಸಿದ್ದರು, ಔಷಧವೂ ಅಗ್ಗದ್ದು. ಆದರೂ ಮುಂಜಾಗ್ರತೆಗೆಂದು ಬೇಕಾಬಿಟ್ಟಿ ಕೊಡುವಂಥದ್ದಲ್ಲ, ಹೆರಿಗೆ ಹತ್ತಿರವಿದೆ ಎನಿಸಿದಾಗಲೇ ಕೊಡಬೇಕು. ನನಗೂ ಹೊಲಿಗೆ ಹಾಕಿದಾಗ ಕೊಟ್ಟಿರಲಿಲ್ಲ. ಸ್ಟೀರಾಯ್ಡಿನಿಂದ ರಕ್ತದ ಸಕ್ಕರೆ ಅಂಶ ಏರುವುದರಿಂದ ಬೆರಳು ಚುಚ್ಚಿ ನೋಡುತ್ತಲೇ ಇದ್ದರು. ಹೆರಿಗೆ ಆಗಿಯೇಬಿಡುತ್ತದೆ ಎಂದಾದರೆ ಮಗುವಿನ ಮಿದುಳಿನ ರಕ್ಷಣೆಗೆ ಮೆಗ್ನೀಸಿಯಂ ಸಲ್ಫೇಟ್ ಕೊಡಲು ಸಿದ್ಧತೆ ಮಾಡಿಕೊಂಡಿದ್ದರು. 32 ವಾರಕ್ಕೆ ಮುಂಚಿನ ಹೆರಿಗೆಯಲ್ಲಿ ಅದು ಮಿದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆ ಕುಂದುವ ಸೆರೆಬ್ರಲ್ ಪಾಲ್ಸಿಯ ಸಂಭವವನ್ನು ಕಡಿಮೆ ಮಾಡುತ್ತದೆ. ಅದು ಬೇಕಾಗಲಿಲ್ಲ, ಎರಡನೆಯ ದಿನ ಹೊಟ್ಟೆ ಸಡಿಲವಾಯಿತು.

ಆ ರಾತ್ರಿ ಡ್ಯೂಟಿಯಲ್ಲಿದ್ದ ಸಿಸ್ಟರ್ ಹೇಳಿದ ಮಾತೊಂದನ್ನು ಎಲ್ಲರಿಗೂ ದಾಟಿಸುತ್ತೇನೆ: ಹೊಲಿಗೆಯ ಆಪರೇಷನ್ ಟಿಪ್ಪಣಿಯ ಚಿತ್ರವನ್ನು ಗಂಡ, ಹೆಂಡತಿ ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಯಾವ ವಿಧಾನ, ಯಾವ ದಾರ, ಗಂಟು ಯಾವ ದಿಕ್ಕಿಗಿದೆ ಎಂಬುದು ಅದರಲ್ಲಿರುತ್ತದೆ. ನೋವು ಜೋರಾದರೆ ಹೊಲಿಗೆಯನ್ನು ಕೂಡಲೇ ಬಿಚ್ಚಬೇಕು, ಇಲ್ಲವಾದರೆ ಗರ್ಭಕಂಠ ಹರಿಯಬಹುದು, ಬಿಚ್ಚುವವರು ನಿಮ್ಮ ವೈದ್ಯರೇ ಆಗಿರಬೇಕೆಂದಿಲ್ಲ.

ಎಲ್ಲ ಸರಿಯಿದ್ದರೆ 36–37ನೆಯ ವಾರದಲ್ಲಿ ಹೊಲಿಗೆ ಬಿಚ್ಚುತ್ತಾರೆ. ನಮಗೆ 35 ವಾರ ತುಂಬಿದ ಮೂರನೆಯ ದಿನ ನಸುಕಿನಲ್ಲಿ ನೀರು ಹೋಯಿತು. ಫೋನಿನಲ್ಲಿದ್ದ ಆ ಚಿತ್ರವನ್ನು ನೋಡಿ ಡ್ಯೂಟಿ ಡಾಕ್ಟರ್ ಅರಿವಳಿಕೆಯಿಲ್ಲದೆಯೇ ಹೊಲಿಗೆ ಬಿಚ್ಚಿದರು. ನೋವಾಗಲಿಲ್ಲ ಎಂದರೆ ಸುಳ್ಳು, ಆದರೆ ಸಹಿಸುವಂತಿತ್ತು. ಮಧ್ಯಾಹ್ನದೊಳಗೆ ಮಗ ಹುಟ್ಟಿದ, ಹುಟ್ಟಿದ ಕೂಡಲೇ ಅತ್ತ. ಮಗಳ ಸಲ ಕೇಳಿಸದ ಆ ಅಳುವನ್ನು ಕೇಳಿ ನಾನೂ ಅತ್ತೆ. ಹೊಕ್ಕುಳಬಳ್ಳಿಯನ್ನು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಬಿಟ್ಟು ಕತ್ತರಿಸಿದರು, ಬರಿಮೈಯಲ್ಲೇ ನನ್ನ ಎದೆಯ ಮೇಲೆ ಮಲಗಿಸಿದರು. ದಿನ ತುಂಬದ, ಕಡಿಮೆ ತೂಕದ ಎಲ್ಲ ಮಕ್ಕಳಿಗೂ ಹುಟ್ಟಿದೊಡನೆಯೇ ಈ ಕಾಂಗರೂ ಆರೈಕೆ ಶುರುವಾಗಬೇಕು, ದಿನಕ್ಕೆ 8ರಿಂದ 24 ಗಂಟೆ ನಡೆಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2022ರ ಶಿಫಾರಸು. ಒಬ್ಬಳಿಂದ ಅಷ್ಟು ಹೊತ್ತು ಆಗುವುದಿಲ್ಲ, ಹಾಗಾಗಿ ಗಂಡ ರಾತ್ರಿ ಪಾಳಿ ವಹಿಸಿಕೊಂಡರು. ಇಟ್ಟಿಗೆಯ ಜಗಳದಲ್ಲಿ ಸೋತಿದ್ದ ಅತ್ತೆ ಹಗಲು ಪಾಳಿ ಕೇಳಿ ಪಡೆದರು.

ಮನೆಯಲ್ಲಿ ಬಾಣಂತನದ ಕೆಲವು ಪದ್ಧತಿಗಳನ್ನು ಕೈಬಿಡಬೇಕಾಯಿತು. ಸಾಂಬ್ರಾಣಿ ಹೊಗೆ ಹಾಕುವುದು, ಬಜೆ ತೇಯ್ದು ನೆಕ್ಕಿಸುವುದು, ಜೇನು ಸವರುವುದು ಇವೆಲ್ಲವನ್ನೂ ಮಕ್ಕಳ ವೈದ್ಯರು ಕಟ್ಟುನಿಟ್ಟಾಗಿ ಬೇಡವೆಂದರು, ಎದೆಹಾಲು ಬಿಟ್ಟರೆ ಬೇರೇನೂ ಇಲ್ಲ. 35 ವಾರದ ಮಗು ನೋಡಲು ದಿನ ತುಂಬಿದ ಮಗುವಿನಂತೆಯೇ ಇದ್ದರೂ ಚೀಪುತ್ತ ಚೀಪುತ್ತ ನಿದ್ದೆ ಹೋಗಿಬಿಡುತ್ತದೆ. ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ ಕುಡಿಸದಿದ್ದರೆ ಸಕ್ಕರೆ ಇಳಿಯುತ್ತದೆ, ಕಾಮಾಲೆ ಏರುತ್ತದೆ. ಕಿವಿಯ ಮೊದಲ ಪರೀಕ್ಷೆ ಆಸ್ಪತ್ರೆಯಲ್ಲೇ ಆಗಿದೆ, ಶಬ್ದ ಕಿವಿಯಿಂದ ಮಿದುಳಿಗೆ ತಲುಪುತ್ತಿದೆಯೇ ಎಂದು ನೋಡುವ ಬೇರಾ ಪರೀಕ್ಷೆಗೆ ಮುಂದಿನ ತಿಂಗಳು ದಿನ ಕೊಟ್ಟಿದ್ದಾರೆ. ಅವನ ವಾರ ಮತ್ತು ತೂಕಕ್ಕೆ ರೆಟಿನಾ ಪರೀಕ್ಷೆ ಕಡ್ಡಾಯವಲ್ಲ ಎಂದರು.

ಇನ್ನುಳಿದದ್ದು ಕಾಗದಗಳು. ಜನನವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಆಸ್ಪತ್ರೆಯವರೇ ಮಾಹಿತಿ ಕಳುಹಿಸುತ್ತಾರಾದರೂ ತಂದೆ ತಾಯಿಯ ಹೆಸರಿನ ಅಕ್ಷರಗಳನ್ನು ಆಧಾರಿನೊಂದಿಗೆ ತಾಳೆ ನೋಡಿಯೇ ಸಹಿ ಹಾಕಿ. ಮಗುವಿನ ಹೆಸರನ್ನು ಆಮೇಲೂ ಸೇರಿಸಬಹುದು. ಉದ್ಯೋಗದಲ್ಲಿರುವವರಿಗೆ ಗೊತ್ತಿರದ ಒಂದು ಸಂಗತಿ ರಜೆಯದು. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ 26 ವಾರಗಳ ರಜೆಯಲ್ಲದೆ, ಅವಧಿಪೂರ್ವ ಜನನದಿಂದ ಉಂಟಾದ ಅನಾರೋಗ್ಯಕ್ಕೆ ಒಂದು ತಿಂಗಳವರೆಗೆ ಹೆಚ್ಚುವರಿ ರಜೆಯನ್ನು ವೇತನದೊಂದಿಗೆ ಕೊಡಬೇಕೆಂದಿದೆ. ನಮ್ಮ ಮಾನವ ಸಂಪನ್ಮೂಲ ವಿಭಾಗದವರಿಗೇ ಇದು ತಿಳಿದಿರಲಿಲ್ಲ, ಮೊದಲ ಅರ್ಜಿಯನ್ನು ಹಿಂದಿರುಗಿಸಿದರು. ಎರಡನೆಯ ಸಲ ಕಾನೂನಿನ ಆ ಭಾಗದ ಪ್ರತಿ, ಹೆರಿಗೆಯಾದ ವಾರವನ್ನು ನಮೂದಿಸಿದ ಡಿಸ್ಚಾರ್ಜ್ ಸಮರಿ, ನನ್ನ ಆರೋಗ್ಯದ ಬಗ್ಗೆ ವೈದ್ಯೆಯ ಪತ್ರ ಮೂರನ್ನೂ ಲಗತ್ತಿಸಿದೆ. ಕಳೆದ ವಾರ ಮಂಜೂರಾತಿ ಬಂತು. ತಾಯಿಯ ಪೂರ್ತಿ ಕೇಸ್ ಶೀಟಿಗೆ ಈ ಸಲ ಡಿಸ್ಚಾರ್ಜ್ ಆದ ದಿನವೇ ಅರ್ಜಿ ಕೊಟ್ಟಿದ್ದೆವು, ಅದೂ ಕೈಸೇರಿದೆ.